ಭಿನ್ನವಿಲ್ಲದ ಅಲ್ಲೋಸಾರಸ್

"ಅಯ್ಯಯ್ಯೋ, ಏನು ಮಾಡಿಬಿಟ್ರಿ ವೆಂಕಟರಮಣಪ್ಪನೋರೆ!" ಅಂದವರೇ ಕಾಲೇಜು ಮೇಷ್ಟ್ರು ಶ್ಯಾಮಸುಂದರ ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲೇ ಕುಕ್ಕರಿಸಿದರು.

ವೆಂಕಟರಮಣಪ್ಪನಿಗೆ ದಿಕ್ಕೇ ತೋಚಲಿಲ್ಲ. ಬೆಳಗಿನಿಂದ ಶಭಾಷ್‌ಗಿರಿ ಕಾಯುತ್ತಾ ಕೂತಿದ್ದ ಆಸಾಮಿ ಅವನು. ವಿಜಯನಗರದಲ್ಲಿ ಗಣಪತಿ ಮಾಡುವವರು ಬೇಕಾದಷ್ಟು ಜನ ಇದ್ದರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಭಿನ್ನವಾದ ಮೂರ್ತಿಯನ್ನು ಹೊಸಿಲು ದಾಟಿಸದವನು ಅವನೊಬ್ಬನೇ. ಕಿವಿ ಒಂಚೂರು ಮುಕ್ಕಾದರೂ ಮುಗೀತು, ಮತ್ತೆ ಮಣ್ಣಿಗೆ. ಎಂಬತ್ನಾಲ್ಕನೇ ಇಸವಿಯ ಗಣೇಶನ ಹಬ್ಬ ಮುಗಿದು ಕೈ ಖಾಲಿ ಕೂತಿದ್ದ ಅಂಥವನಿಗೆ ಮೇಷ್ಟ್ರು ತಂದುಕೊಟ್ಟಿದ್ದು ಅಲ್ಲೋಸಾರಸ್ ಅನ್ನೋ ಮಾಂಸ ತಿನ್ನುವ ಡೈನೋಸಾರಿನ ತಲೆಬುರುಡೆ. ನಿಜವಾದ್ದಲ್ಲ, ಹದಿನೈದು ಕೋಟಿ ವರ್ಷದ ಹಿಂದಿನ ಜುರಾಸಿಕ್ ಕಾಲದ ಪಳೆಯುಳಿಕೆಯಿಂದ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದಿದ್ದು. ಎರಡು ವರ್ಷ ಪತ್ರ ಬರೆದೂ ಬರೆದೂ ಪರದೇಶದ ಮ್ಯೂಸಿಯಮ್ಮಿಂದ ತರಿಸಿದ್ದರು. ದಾರಿಯಲ್ಲಿ ದವಡೆಯ ಮೂಲೆ ಮುರಿದಿತ್ತು. ಅದೊಂದನ್ನು ಕೂಡಿಸಿಕೊಡಿ ಅಂದಿದ್ದರು, ಅಷ್ಟೇ.

ಅಷ್ಟಕ್ಕೇ ಸುಮ್ಮನಿರುವ ಕೈಯೇ ಅದು? ಮೂತಿಯ ಮೇಲೆ, ಕಣ್ಣಿನ ಗುಂಡಿಗಿಂತ ಮುಂದೆ, ಎರಡೂ ಕಡೆ ತೂತುಗಳು ಕಂಡವು. ಪಾಪ, ಇಲ್ಲೂ ಒಡೆದಿದೆ ಅಂತ ಜೇಡಿಮಣ್ಣು ಮೆತ್ತಿ, ನುಣ್ಣಗೆ ತೀಡಿ, ಮೇಲೆ ಬಣ್ಣವನ್ನೂ ಹಚ್ಚಿಬಿಟ್ಟಿದ್ದ.

"ಕಣ್ಣೊಂದು ಬಾಕಿ ಸಾರ್," ಅಂದ ಮೆಲ್ಲಗೆ. "ಅದು ಯಾವತ್ತೂ ಕೊನೇಲಿ. ನಿಮ್ಮೆದುರಿಗೇ ಬರೆಯೋಣ ಅಂತ..."

"ಕಣ್ಣು ಹಾಗಿರ್ಲಿ ಕಣ್ರೀ! ಆ ತೂತುಗಳು ಒಡೆದಿದ್ದಲ್ಲ, ಹುಟ್ಟಿನಿಂದ ಬಂದಿದ್ದು. ಅವು ಎಲ್ಲಿವೆ, ಎಷ್ಟಗಲ ಇವೆ ಅಂತೆಲ್ಲ ನೋಡಿಯೇ ಇದು ಯಾವ ಕುಲ, ಯಾವ ಜಾತಿ ಅಂತ ವಿಂಗಡಿಸೋದು. ನಾಳೆ ಹತ್ತು ಗಂಟೆಗೆ ಹುಡುಗರಿಗೆ ಪ್ರಾಕ್ಟಿಕಲ್ ಟೆಸ್ಟು. ಇದನ್ನ ಮುಂದಿಟ್ಟರೆ ದೊಡ್ಡ ಮೊಸಳೆ ಅಂತ ಬರೀತಾರೆ!"

"ಮಣ್ಣೇ ತಾನೆ ಸಾರ್, ಬಿಡಿಸಿದ್ರಾಯ್ತು," ಅಂತ ವೆಂಕಟರಮಣಪ್ಪ ಒದ್ದೆ ಬಟ್ಟೆ, ಬಿದಿರುಕಡ್ಡಿ ಹಿಡಿದು ಕೂತ. ಮೇಷ್ಟ್ರು ಪುಸ್ತಕದಲ್ಲಿ ಬುರುಡೆಯ ಚಿತ್ರವಿದ್ದ ಪುಟ ತೆರೆದುಕೊಂಡು ಪಕ್ಕದಲ್ಲೇ ಕೂತು ದಾರಿ ತೋರಿಸಿದರು. ಒಂದೊಂದೇ ತೂತು ತೆರೆದ ಹಾಗೆಲ್ಲ ಅವರ ಮುಖ ಅರಳುತ್ತಾ ಹೋಯಿತು. ಕೊನೆಯದೂ ತೆರೆದಾಗ, "ಆಹಾ, ಈಗ ನೋಡಿ, ಇವನೇ ನಮ್ಮ ಅಲ್ಲೋಸಾರಸ್!" ಅಂತ ಹುಡುಗರ ಥರ ಚಪ್ಪಾಳೆ ತಟ್ಟಿದರು. ವೆಂಕಟರಮಣಪ್ಪನಿಗೆ ಹೋದ ಜೀವ ಬಂದಂತಾಯಿತು.

ಕಾಫಿ ತಂದ ಹೆಂಡತಿ ಅಂಜಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಬಿಟ್ಟುಹೋದ ಗುಳಿಗಳು ಅವಳ ಮುಖದ ತುಂಬ.

"ನಮ್ಮ ಮದುವೆ ಫೋಟೋನೂ ಹೀಗೇ ಸಾರ್," ಅಂದಳು ನಗುತ್ತಾ. "ಗುಳಿ ಎಲ್ಲಾ ಮುಚ್ಚಿ ನುಣ್ಣಗೆ ಮಾಡ್ಕೊಡು ಅಂತ ಇವರೇ ಸ್ಟುಡಿಯೋದವನಿಗೆ ಹೇಳಿ ಮಾಡಿಸಿದ್ರು. ಅಲ್ಲೇ ಗೋಡೆ ಮೇಲಿದೆ ನೋಡಿ. ಬಂದೋರೆಲ್ಲ, ಇವರ ಪಕ್ಕ ಕೂತಿರೋಳು ಯಾರಮ್ಮಾ ಅಂತ ನನ್ನೇ ಕೇಳ್ತಾರೆ."