ಪೇಪರಿನಲ್ಲಿ ಬಂದ ಹೆಸರು

"ನಮ್ಮ ಕಾಲೋನಿಗೆ ಹೋಗೋ ಪೇಪರ ಎಲ್ಲಾ ನನಗ ಕೊಡ್ರಿ," ಎಂದ ಉತ್ತಮ ಮಾಸ್ತರ. ಬೀದರ ಬಸ್ ನಿಲ್ದಾಣದ ಮಗ್ಗುಲಲ್ಲಿ ಪೇಪರ್ ಕಟ್ಟು ಬಿಚ್ಚುತ್ತ ಕೂತಿದ್ದ ಕರೀಮ ಸಾಬರು ತಲೆಯೆತ್ತಿ ನೋಡಿದರು.

"ಎಲ್ಲಾನೂ? ಏನ್ ಖುಷಿ ಖಬರ್ ಅದರಿ ಮಾಸ್ತರ?"

ಈ ಊರಲ್ಲಿ ಪೇಪರನ್ನು ಕಟ್ಟುಗಟ್ಟಲೆ ಕೊಳ್ಳುವವರು ಎರಡೇ ಥರದವರು: ಮಕ್ಕಳಿಗೆ ರ‍್ಯಾಂಕ್ ಬಂದವರು, ಇಲ್ಲವೇ ಹುಟ್ಟುಹಬ್ಬಕ್ಕೆ ತಮ್ಮದೇ ಫೋಟೋ ಹಾಕಿಸಿಕೊಂಡ ಪುಢಾರಿಗಳು. ಉತ್ತಮನಿಗೆ ಬೇರೇನೂ ಹೊಳೆಯಲಿಲ್ಲ. "ಹೂಂರಿ, ನಮ್ಮ ಹೆಸರು ಬಂದದ," ಎಂದುಬಿಟ್ಟ. ಕರೀಮ ಸಾಬರು ಎದ್ದು ನಿಂತು, "ಮುಬಾರಕ್ ಮಾಸ್ತರ!" ಎಂದು ಎರಡೂ ಕೈ ಹಿಡಿದು ಕುಲುಕಿದರು.

ಹೆಸರು ಬಂದದ್ದೇನೋ ನಿಜ, ಏಳನೇ ಪುಟದ ಬ್ಯಾಂಕಿನ ಸ್ವಾಧೀನ ನೋಟಿಸಿನಲ್ಲಿ. ಭಾಲ್ಕಿಯಲ್ಲಿ ಕೋಚಿಂಗ್ ಕ್ಲಾಸ್ ತೆರೆಯಲು ಉತ್ತಮ ಮನೆ ಅಡವಿಟ್ಟಿದ್ದ. ಅದು ತಾಯಿ ಸುಭದ್ರಾಬಾಯಿ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಕಟ್ಟಿಸಿದ ಮನೆ, ಅವಳ ಹೆಸರಿನಲ್ಲೇ ಇತ್ತು. "ಮನಿ ಟ್ಯಾಕ್ಸಿನ ಕಾಗದ ಅವ್ವ," ಎಂದು ಹೇಳಿ, ಓದಲು ಬಾರದ ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಕ್ಲಾಸ್ ಮುಚ್ಚಿತು, ಕಂತು ನಿಂತಿತು. ಅರವತ್ತು ದಿನದಲ್ಲಿ ಬಾಕಿ ಕಟ್ಟಿ ಎಂಬ ನೋಟಿಸನ್ನು ಗಾದಿಯ ಕೆಳಗೆ ತುರುಕಿದ. ಬಂದು ಮಾತಾಡಿ, ಕಂತು ಸಣ್ಣದು ಮಾಡಿಕೊಡೋಣ ಎಂದು ಬ್ಯಾಂಕಿನವರು ಫೋನ್ ಮಾಡಿದರೂ ಹೋಗಲಿಲ್ಲ. ಕೌಂಟರಿನಲ್ಲಿ ಕೂರುವ ಮುಕ್ತಾ ಅವನ ಕೈಯಲ್ಲಿ ಕಲಿತವಳು. ಅವಳೆದುರು ಸಾಲಗಾರನಾಗಿ ಹೇಗೆ ನಿಲ್ಲುವುದು? ಹೋದ ವಾರ ಬ್ಯಾಂಕಿನವರು ಗೇಟಿಗೆ ನೋಟಿಸ್ ಅಂಟಿಸಿ, ಫೋಟೋ ಹೊಡೆದುಕೊಂಡು ಹೋಗಿದ್ದರು. ಅವ್ವ ಬುದ್ಧವಿಹಾರದಿಂದ ಬರುವಷ್ಟರಲ್ಲಿ ಅದನ್ನು ನೀರು ಹಚ್ಚಿ ಕೆರೆದು ತೆಗೆದಿದ್ದ. ಇನ್ನು ಉಳಿದದ್ದು ಹರಾಜು. ಅವ್ವನಿಗೆ ಹೇಳುವುದು ಮಾತ್ರ ಅವನ ಕೈಲಾಗದು. ಕಾಲೋನಿಯವರು ಪೇಪರ್ ಓದಿದರೆ ಅವರೇ ಅವಳಿಗೆ ಹೇಳಿಬಿಡುತ್ತಾರೆ.

ಮನೆಗೆ ಬಂದಾಗ ಅವ್ವ ಒಳಗೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದಳು. ಕಟ್ಟನ್ನು ಸದ್ದಿಲ್ಲದೆ ಬಚ್ಚಲಿಗೆ ಒಯ್ದ. ನೀರೊಲೆಗೆ ಹಾಕಿದರೆ ಮುಗಿಯಿತು. ಅಷ್ಟರಲ್ಲಿ ನೆನಪಾಯಿತು, ನೋಟಿಸ್ ಇಂಗ್ಲಿಷ್ ಪೇಪರಿನಲ್ಲೂ ಬರುತ್ತದೆ. ಕಟ್ಟನ್ನು ಅಲ್ಲೇ ಬಿಟ್ಟು ಮತ್ತೆ ಸ್ಕೂಟರ್ ಹತ್ತಿ ಓಡಿದ. ಈ ಚುರುಕು ಆ ಅರವತ್ತು ದಿನದಲ್ಲಿ ಒಂದು ದಿನ ಬಂದಿದ್ದರೂ ಸಾಕಿತ್ತು.

ಇತ್ತ ಪೇಪರ್ ಬಾರದ ಮನೆಯವರಿಗೆ ಕರೀಮ ಸಾಬರು ಇದ್ದದ್ದು ಇದ್ದ ಹಾಗೇ ಹೇಳಿದರು: "ಮಾಸ್ತರ ಹೆಸರು ಬಂದದರಿ. ಎಲ್ಲಾ ಅವರೇ ಒಯ್ದಾರ, ಅವರ ಮನಿಗೇ ಹೋಗಿ ಇಸ್ಕೋರಿ."

ಉತ್ತಮ ತಿರುಗಿ ಬಂದಾಗ ಗೇಟಿನ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಅಂಗಳದಲ್ಲಿ ಬಿಳಿ ಸೀರೆ ಉಟ್ಟ ಅವ್ವ ಕುರ್ಚಿ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಪೇಪರ್ ಕಟ್ಟು, ಪಕ್ಕದಲ್ಲಿ ಸಕ್ಕರೆ ಡಬ್ಬಿ. "ತಗೋರಿ, ಬಾಯಿ ಸಿಹಿ ಮಾಡ್ಕೋರಿ. ಮಗನ ಹೆಸರು ಬಂದದ, ನನಗ ಒಂದ ಮಾತ ಹೇಳಿಲ್ಲ ನೋಡ್ರಿ, ಅಷ್ಟ ಸಂಕೋಚ ಅವಗ," ಎನ್ನುತ್ತ ಒಬ್ಬೊಬ್ಬರ ಕೈಗೂ ಒಂದು ಪೇಪರು, ಒಂದು ಚಮಚ ಸಕ್ಕರೆ ಹಾಕುತ್ತಿದ್ದಳು. ಓಡಿಹೋಗಿ ಕಟ್ಟು ಕಸಿದುಕೊಳ್ಳಬೇಕೆನಿಸಿತು. ಆದರೆ ನಾಚಿಕೆಯಿಂದ ಸ್ಕೂಟರ್ ಹಿಡಿದು ಗೇಟಿನ ಹೊರಗೇ ನಿಂತ.

"ಯಾವ ಪುಟರಿ ಮಾಸ್ತರ?" ಎಂದರು ಎದುರು ಮನೆಯ ದತ್ತಾತ್ರೇಯ. ಅಷ್ಟರಲ್ಲಿ ಪಕ್ಕದ ಮನೆಯ ಅನಸೂಯಾಬಾಯಿ ಏಳನೇ ಪುಟ ತೆರೆದಿದ್ದಳು. ಓದಿದಳು, ಉತ್ತಮನ ಕಡೆ ನೋಡಿದಳು, ಮತ್ತೊಮ್ಮೆ ಓದಿದಳು. ದತ್ತಾತ್ರೇಯರು ಅವಳ ಭುಜದ ಹಿಂದಿನಿಂದಲೇ ಓದಿ ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡರು. ಒಬ್ಬರ ಹಿಂದೆ ಒಬ್ಬರು ಪೇಪರ್ ಮಡಚಿಕೊಂಡು ಹೊರಟರು. ಅನಸೂಯಾಬಾಯಿಗೆ ಮಾತ್ರ ಹಾಗೇ ಹೋಗಲು ಮನಸ್ಸಾಗಲಿಲ್ಲ.

"ಸುಭದ್ರಾಬಾಯಿ, ಇದ್ರಾಗ ನಿಮ್ಮ ಹೆಸರೂ ಅದರಿ," ಎಂದು ಮೆಲ್ಲಗೆ ಹೇಳಿ, ಕಣ್ಣೊರೆಸಿಕೊಂಡು ಹೋದಳು.

ಅಂಗಳ ಖಾಲಿಯಾಯಿತು. ಅವ್ವ ಉಳಿದ ಒಂದು ಪೇಪರನ್ನು ಸೆರಗಿನಿಂದ ಒರೆಸಿ, ಮಗನನ್ನು ಅಂಗಳಕ್ಕೆ ಕರೆದು ಅವನ ಕೈಗೆ ಕೊಟ್ಟು, ಅವನೆದುರು ನೆಲದ ಮೇಲೆ ಕೂತಳು.

"ಎಲ್ಲಾರೂ ಓದ್ಕೊಂಡು ಹೋದ್ರು, ನಾ ಒಬ್ಬಾಕಿ ಉಳದೀನಿ," ಎಂದಳು. "ಓದು ಅಪ್ಪ. ಸಾವಕಾಶ ಓದು."