ನಾಲ್ಕನೆಯ ಬ್ಯಾಫಲ್

“ಇದೂ ಹೋಗಿದೆ ಸಾರ್,” ಎಂದ ಮಹಮ್ಮದ್ ಹನೀಫ್, ಬೈಕಿನ ಸೈಲೆನ್ಸರಿನ ತುದಿಯೊಳಗೆ ಬೆರಳು ತೂರಿಸಿ.

ದೇವೀರಪ್ಪನ ಮುಖ ಸಪ್ಪಗಾಯಿತು. ಎರಡು ತಿಂಗಳಲ್ಲಿ ಇದು ನಾಲ್ಕನೆಯದು. ಒಂದನ್ನು ಕಡೂರಿನಲ್ಲಿ ಹಾಕಿಸಿದ್ದ, ಒಂದನ್ನು ತರೀಕೆರೆಯಲ್ಲಿ, ಎರಡನ್ನು ಅಜ್ಜಂಪುರದ ಈ ಹನೀಫನ ಗ್ಯಾರೇಜಿನಲ್ಲೇ. ಯಾರ ಕೈಯಲ್ಲಿ ಹಾಕಿಸಿದರೂ ವಾರ ಕಳೆಯುವುದರೊಳಗೆ ಮಾಯ.

ಹೋದದ್ದು ಬ್ಯಾಫಲ್. ಸೈಲೆನ್ಸರಿನ ತುದಿಯಲ್ಲಿ ಒಂದೇ ಒಂದು ಬೋಲ್ಟಿಗೆ ನಿಲ್ಲುವ, ಮೈತುಂಬ ತೂತಿರುವ ಗೇಣುದ್ದದ ಕೊಳವೆ. ಎಂಜಿನ್ನಿನ ಸಿಡಿತ ಅದರ ತೂತುಗಳಲ್ಲಿ ನುಸುಳಿ, ಸುತ್ತ ಸುತ್ತಿದ ಗಾಜಿನ ನಾರಿನಲ್ಲಿ ಸಿಕ್ಕಿಕೊಂಡು, ಗೋಡೆಗೆ ಬಡಿದು ವಾಪಸು ಬಂದ ತನ್ನದೇ ಸದ್ದಿಗೆ ಡಿಕ್ಕಿ ಹೊಡೆದು, ಕೊನೆಗೆ ಸುಸ್ತಾಗಿ ಹೊರಗೆ ಬರುತ್ತದೆ ಎಂದು ಹನೀಫ್ ಹಿಂದೊಮ್ಮೆ ವಿವರಿಸಿದ್ದ. ಕೊಳವೆ ಇಲ್ಲದಿದ್ದರೆ ಸುಸ್ತಾಗುವುದು ಊರಿನವರು.

ಊರಿನವರ ಚಿಂತೆ ದೇವೀರಪ್ಪನಿಗಿರಲಿಲ್ಲ. ಕುತ್ತು ಬಂದದ್ದು ಅವನ ಕೆಲಸಕ್ಕೆ. ಹಳ್ಳಿ ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ, ತಡವಾಗಿ ಬರುವ ಮೇಷ್ಟ್ರುಗಳನ್ನು ಹಿಡಿಯುವುದು ಅವನ ಹೊಣೆ. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ಮೈಲಿ ದೂರಕ್ಕೆ ಡಂಗುರ ಸಾರುತ್ತದೆಂದೇ ಹೊಸದು ಹಾಕಿಸಿದ್ದು. ಈಗ ಇದೂ ಅದರ ಜಾತಿಗೇ ಸೇರಿತ್ತು. ಅವನು ಗೇಟು ಮುಟ್ಟುವ ಹೊತ್ತಿಗೆ ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ, ಮಕ್ಕಳ ಬಾಯಲ್ಲಿ ಮಗ್ಗಿ. ಈ ತಿಂಗಳೂ ಒಬ್ಬರನ್ನೂ ಹಿಡಿಯದಿದ್ದರೆ ತಿರುಗಾಟ ಬಿಟ್ಟು ಕಚೇರಿಯಲ್ಲಿ ಕಡತ ಕಟ್ಟುತ್ತ ಕೂರಿ ಎಂದಿದ್ದರು ಮೇಲಧಿಕಾರಿ. ತಿಂಗಳು ಮುಗಿಯಲು ಉಳಿದಿದ್ದು ನಾಳೆಯೊಂದೇ. ಕುರ್ಚಿಗೆ ಅಂಟಿಕೊಂಡು ಬದುಕುವುದನ್ನು ನೆನೆದರೇ ದೇವೀರಪ್ಪನಿಗೆ ಉಸಿರು ಕಟ್ಟುತ್ತಿತ್ತು.

ಹನೀಫ್ ಬೋಲ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದ.

“ಅಲುಗಾಡಿ ಬಿದ್ದಿದ್ದಲ್ಲ ಸಾರ್ ಇದು. ಕೊಳವೆ ತೆಗೆದ್ಬಿಟ್ಟು ಬೋಲ್ಟ್ ವಾಪಸ್ ಹಾಕವ್ರೆ. ಎಣ್ಣೆ ಬೇರೆ ಬಿಟ್ಟವ್ರೆ.” ಮೂಸಿ ನೋಡಿದ. “ಕೊಬ್ರಿ ಎಣ್ಣೆ. ನಮ್ ಕಸುಬಿನೋರು ಯಾರೂ ಇದನ್ನ ಹಾಕಲ್ಲ.”

ದೇವೀರಪ್ಪನ ಕಣ್ಣ ಮುಂದೆ ತಕ್ಷಣ ಒಂದು ತಲೆ ಬಂದು ನಿಂತಿತು. ಹುಲ್ಲುಗಾವಲಿನ ಅಂಚಿನ ಶಾಲೆಯ ಮೇಷ್ಟ್ರು ಸಿದ್ದಲಿಂಗೇಶ. ಎಣ್ಣೆ ಹಣೆಗೆ ಇಳಿಯುವಷ್ಟು ನುಣ್ಣಗೆ ಬಾಚಿದ ತಲೆ. ಹೋದಾಗಲೆಲ್ಲ ಬೈಕನ್ನು ನೆರಳಿಗೆ ತಳ್ಳಿ ನಿಲ್ಲಿಸುವವನೂ ಅವನೇ. ಇನ್ನು ಸಾಕ್ಷಿ ಬೇರೆ ಬೇಕೇ?

ಐದನೆಯ ಬ್ಯಾಫಲ್ ಕೂರಿಸುವವರೆಗೆ ದೇವೀರಪ್ಪ ತನ್ನ ಗೋಳು ಹೇಳಿಕೊಂಡ. ಹೊರಗೆಲ್ಲ ಬರೀ ಮೋಸ, ನೆಮ್ಮದಿ ಇರುವುದು ಬುಕ್ಕಾಂಬುಧಿಯ ಮನೆಯೊಂದರಲ್ಲೇ. ಹೊತ್ತುಗೊತ್ತಿಲ್ಲದೆ ಹೋದರೂ ಅವನು ಹೊಸ್ತಿಲು ದಾಟುವುದಕ್ಕೂ ಹೆಂಡತಿ ಶಾಂಭವಿ ನೊರೆಗಾಫಿ ಹಿಡಿದು ಬರುವುದಕ್ಕೂ ಸರಿಹೋಗುತ್ತಿತ್ತು. ಮತ್ತೆ ಬಿಸಿ ಮಾಡಿದ ಕಾಫಿಯನ್ನು ಅವನು ಮುಟ್ಟುವವನಲ್ಲ. ಈಚೆಗೆ ಮೂರು ನಾಲ್ಕು ಸಲ ಕಾಫಿ ತಡವಾಗಿ, ಮುನಿಸಿಕೊಂಡು ಲೋಟ ಸರಿಸಿದ್ದನಂತೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟಾದರೂ ಇರಬೇಡವೇ ಎಂದು ಅವನೇ ನಕ್ಕ.

ಮರುದಿನ ಬೆಳಿಗ್ಗೆ ಬೈಕು ಬೆಕ್ಕಿನ ಹಾಗೆ ಶಾಲೆಯ ಮುಂದೆ ಹೋಗಿ ನಿಂತಿತು. ದೇವೀರಪ್ಪ ತುದಿಗಾಲಲ್ಲಿ ಹೋಗಿ ಕಿಟಕಿಯಲ್ಲಿ ಇಣುಕಿದ. ಸಿದ್ದಲಿಂಗೇಶ ಆಗಲೇ ಭಿನ್ನರಾಶಿಯಲ್ಲಿ ಮುಳುಗಿಹೋಗಿದ್ದ. ಮೈಮೇಲೆಲ್ಲ ಸೀಮೆಸುಣ್ಣದ ಪುಡಿ. ಹಾಜರಿ ಪುಸ್ತಕದಲ್ಲಿ ಒಂದು ಚಿತ್ತೂ ಇರಲಿಲ್ಲ.

ಆದರೂ ಬ್ಯಾಫಲ್ ಕಳ್ಳನಾದರೂ ಸಿಕ್ಕಾನೆಂದು ದೇವೀರಪ್ಪ ಮಧ್ಯಾಹ್ನದವರೆಗೆ ಕಂಬದ ಮರೆಯಲ್ಲಿ ಕಾದ. ಬೈಕಿನ ಹತ್ತಿರ ಸುಳಿದದ್ದು ಒಂದು ಕರು ಮಾತ್ರ. ಮೇಷ್ಟ್ರು ಮಜ್ಜಿಗೆ ತಂದುಕೊಟ್ಟು, ಬಿಸಿಲಲ್ಲಿ ಯಾಕೆ ನಿಂತಿದ್ದೀರೆಂದು ವಿಚಾರಿಸಿದರು. ಅವರ ತಲೆಯಿಂದ ಬಂದದ್ದು ಮಲ್ಲಿಗೆ ಘಮದ ಅಂಗಡಿ ಎಣ್ಣೆಯ ವಾಸನೆ.

ಕಡತದ ಕುರ್ಚಿ ಗಟ್ಟಿಯಾಯಿತೆಂದು ದೇವೀರಪ್ಪ ಮನೆಗೆ ಹೊರಟ. ಕೆರೆ ಏರಿಯ ಮೇಲೆ ನೀರುಹಕ್ಕಿಗಳು ಕೂಡ ಬೈಕಿಗೆ ಕತ್ತೆತ್ತಲಿಲ್ಲ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಶಾಂಭವಿ ಅವನನ್ನು ಕಂಡು ಬೆಚ್ಚಿಬಿದ್ದಳು.

“ಬಂದ್ಬಿಟ್ರಾ? ಗೊತ್ತೇ ಆಗ್ಲಿಲ್ಲ.”

ಒಲೆ ತಣ್ಣಗಿತ್ತು. ಮೊದಲೇ ಕೆಟ್ಟಿದ್ದ ದಿನ, ಇನ್ನು ಕಾಫಿಗೂ ಕಾಯಬೇಕೇ? ತಾನೇ ಮಾಡಿಕೊಳ್ಳುತ್ತೇನೆಂದು ದುಸುದುಸು ಅಡುಗೆಮನೆಗೆ ನುಗ್ಗಿ ಕಾಫಿಪುಡಿಯ ಡಬ್ಬಿ ಎಳೆದ.

ಡಬ್ಬಿಯ ಹಿಂದೆ, ಕೊಬ್ಬರಿ ಎಣ್ಣೆಯ ಬಾಟಲಿಗೆ ಒರಗಿಕೊಂಡು, ಒಂದು ಸ್ಪ್ಯಾನರ್ ಮತ್ತು ಮೈತುಂಬ ತೂತಿರುವ ನಾಲ್ಕು ಕೊಳವೆಗಳು ನಿಂತಿದ್ದವು. ಎರಡು ತಿಂಗಳಲ್ಲಿ ದೇವೀರಪ್ಪ ಹೇಳದೆ ಹೋಗಿ ಹಿಡಿದ ಮೊದಲ ಕೇಸು. ಬಾಗಿಲಲ್ಲಿ ನಿಂತ ಶಾಂಭವಿ ಸೆರಗಿಗೆ ಕೈ ಒರೆಸಿಕೊಂಡಳು.

“ಹೊಸ್ತಿಲು ದಾಟೋ ಹೊತ್ಗೆ ಕಾಫಿ ನೊರೆ ಕಟ್ಟಿರ್ಬೇಕು ಅಂತೀರಿ, ಏರಿ ಮೇಲೆ ನಿಮ್ ಗಾಡಿ ಸದ್ದೇ ಕೇಳಿಸ್ದಿದ್ರೆ ನಾನು ಹಾಲು ಯಾವಾಗ ಇಡ್ಲಿ ಹೇಳಿ?”