ಪ್ರೇಮಲೀಲಾ ಬರೆದ ಮುಖ

ಹುಬ್ಬಿನ ತುದಿಗೆ ಬಂದ ಕಾಡಿಗೆಕಡ್ಡಿ ಜಾರಿ ಕಿವಿಯವರೆಗೂ ಗೀಟೆಳೆದುಬಿಟ್ಟಿತು. ನಂಜುಂಡಸ್ವಾಮಿ ಎಣ್ಣೆಬಟ್ಟೆಯಿಂದ ಅದನ್ನು ಒರೆಸಿಕೊಂಡು ಮತ್ತೆ ಬರೆಯಲು ಹೋದರು, ಮತ್ತೆ ಜಾರಿತು. ಬೇಸಿಗೆಯಿಂದೀಚೆಗೆ ನಡುಗುತ್ತಿದ್ದ ಕೈಯನ್ನು ಹೇಗೋ ಯಾರಿಗೂ ಕಾಣದಂತೆ ಸಂಭಾಳಿಸಿಕೊಂಡು ಬಂದಿದ್ದರು. ಇವತ್ತು ನೋಡಿ, ನಾಟಕ ಕಂಪನಿಯ ಮೈಸೂರು ಮೊಕ್ಕಾಮಿನ ಮೊದಲ ಆಟ, ಹೊರಗೆ ಜೀವರಾಯನ ಕಟ್ಟೆ ಮೈದಾನದಲ್ಲಿ ಟಿಕೆಟ್ಟಿಗೆ ನೂಕುನುಗ್ಗಲು. ಇವತ್ತೇ ಆ ಹಾಳು ಕೈಗೆ ಬುದ್ಧಿ ಕೆಡಬೇಕೆ!

ಎದುರಿಗೆ ಟ್ರಂಕಿನ ಮೇಲೆ ಕೂತಿದ್ದವನು ವಾರಪತ್ರಿಕೆಯ ಮಹದೇವು. ಹೆಸರಾಂತ ನಟರು ಈಗ ಏನು ಮಾಡುತ್ತಿದ್ದಾರೆ, ಮನೆಮಂದಿ ಹೇಗಿದ್ದಾರೆ ಎಂದು ಬರೆಯುವುದು ಅವನ ಕೆಲಸ. ನಂಜುಂಡಸ್ವಾಮಿ ಅವನಿಗೆ ಧಾರಾಳವಾಗಿಯೇ ಹೇಳುತ್ತ ಬಂದಿದ್ದರು. ಹೆಂಡತಿ ಸರೋಜಮ್ಮ ಜಯಲಕ್ಷ್ಮಿಪುರಂ ಮನೆಯಲ್ಲಿ ಸುಖವಾಗಿದ್ದಾಳೆ, ಒಬ್ಬಳೇ ಮಗಳಿಗೆ ಗಂಡು ನೋಡುತ್ತಿದ್ದೇವೆ, ದೀಪಾವಳಿಗೆ ಹೊಸ ನಾಟಕ ಕಟ್ಟುತ್ತಿದ್ದೇನೆ, ಅದರಲ್ಲಿ ನನ್ನದು ಸಂತನ ಪಾತ್ರ, ನೋಡಲು ಬರುವವರು ಕಣ್ಣೊರೆಸಿಕೊಳ್ಳಲು ಟವಲು ತರಬೇಕಾದೀತು. ಚಿತ್ರ ಬರೆಯುವ ಹವ್ಯಾಸ ಇನ್ನೂ ಇದೆಯೇ ಎಂದು ಅವನು ಕೇಳಿದ್ದಕ್ಕೆ ತಮ್ಮ ಮುಖವನ್ನೇ ತೋರಿಸಿ, "ಮೂವತ್ತು ವರ್ಷದಿಂದ ಇದೊಂದೇ ಚಿತ್ರ ಕಣ್ರೀ. ಇದರ ಮೇಲೆ ಇನ್ನೊಬ್ಬರ ಬೆರಳು ಬಿದ್ದಿಲ್ಲ" ಎಂದು ಬೀಗಿದ್ದರು. ಕಡ್ಡಿ ಜಾರಿದ್ದು ಆಮೇಲೆ.

ಆ ಕಂಪನಿಯಲ್ಲಿ ಪ್ರತಿಯೊಬ್ಬ ನಟನೂ ತನ್ನ ಬಣ್ಣ ತಾನೇ ಹಾಕಿಕೊಳ್ಳಬೇಕು. ನಂಜುಂಡಸ್ವಾಮಿಯ ಕೈ ಕೆಟ್ಟಿದೆಯೆಂದು ಯಜಮಾನರಿಗೆ ಗೊತ್ತಾದರೆ ಮುಗಿಯಿತು, ರಾಕ್ಷಸರಾಜನ ಪಾತ್ರ ಬೀರಯ್ಯನ ಪಾಲು. ಆ ಎಳೇ ನಟ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ತಟ್ಟಿಯ ಆಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪಾತ್ರ ಹೋದಮೇಲೆ ಇವರಿಗೆ ಉಳಿಯುವುದೇನು, ಬಾಗಿಲಲ್ಲಿ ನಿಂತು ಟಿಕೆಟ್ಟು ಹರಿಯುವ ಕೆಲಸ. ಮಹದೇವು ಮುಖವನ್ನು ಅತ್ತ ತಿರುಗಿಸಿಕೊಂಡ. ಪಾಪ, ಅಷ್ಟು ಮರ್ಯಾದೆ ಅವನಿಗೆ ತಿಳಿದಿತ್ತು.

ಮನೆಯಿಂದ ಊಟದ ಕ್ಯಾರಿಯರ್ ತಂದಿದ್ದ ಮಗಳು ಪ್ರೇಮಲೀಲಾ ಅದನ್ನು ಕೆಳಗಿಟ್ಟಳು, ಬಾಗಿಲಿನ ಪರದೆ ಎಳೆದಳು, ಅಪ್ಪನ ಕೈಯಿಂದ ಕಡ್ಡಿ ಕಿತ್ತುಕೊಂಡಳು. ಅವಳಿಗೆ ಚಿಕ್ಕಂದಿನಿಂದಲೂ ಬರೆಯುವ ಹುಚ್ಚು. ಇದ್ದಿಲು ಸಿಕ್ಕರೆ ಗೋಡೆ, ಸೀಮೆಸುಣ್ಣ ಸಿಕ್ಕರೆ ನೆಲ. ಚಿತ್ರಕಲಾ ಶಾಲೆಗೆ ಸೇರಿಸಿ ಎಂದು ಗೋಗರೆದು ಗೋಗರೆದು ಸಾಕಾಗಿದ್ದಳು. ಹೊಸಲಿಗೆ ರಂಗೋಲಿ ಇಡುವಷ್ಟು ಬಂದರೆ ಸಾಕು ಎಂದು ಅಪ್ಪ ಆ ಮಾತನ್ನು ಅಲ್ಲಿಗೇ ಮುಗಿಸಿದ್ದರು.

"ಬ್ಯಾಡ ಕಣಮ್ಮ, ಇದು ನಿನ್ ಕೈಲಾಗೋ ಕೆಲಸ ಅಲ್ಲ."

"ಕಣ್ಣು ಮುಚ್ಚಪ್ಪ," ಎಂದಳು ಪ್ರೇಮಲೀಲಾ. "ಅಲ್ಲಾಡಬೇಡ."

ಬೇರೆ ದಾರಿಯಿಲ್ಲದೆ ಕಣ್ಣು ಮುಚ್ಚಿದರು. ಅವಳು ಇದ್ದಬದ್ದದ್ದನ್ನೆಲ್ಲ ಒರೆಸಿಹಾಕಿ ಮೊದಲಿನಿಂದ ಶುರುಮಾಡಿದಳು. ಹಣೆಗೆ ಕೆಂಪು, ಕೆನ್ನೆಗೆ ಹಳದಿ. ಅವಳ ಬೆರಳು ತಮ್ಮ ಬೆರಳು ಹೋಗುತ್ತಿದ್ದ ಜಾಗಕ್ಕೆ ಹೋಗುತ್ತಿಲ್ಲವೆಂದು ಅವರಿಗೆ ಮುಚ್ಚಿದ ಕಣ್ಣಿಗೂ ಗೊತ್ತಾಯಿತು. ತಾವು ಮೇಲಕ್ಕೆಳೆಯುವ ಹುಬ್ಬನ್ನು ಇವಳು ಮೂಗಿನ ಹತ್ತಿರ ಕೊಂಚ ಇಳಿಸಿದಳು. ಅವನು ರಾಕ್ಷಸ, ಅಳುಮುಂಜಿಯಲ್ಲ ಎಂದು ಗದರಿದರು.

ಅವಳ ಕೈ ನಿಲ್ಲಲಿಲ್ಲ. "ಮಗನ ಹೆಣ ತಂದು ಮಲಗಿಸ್ತಾರಲ್ಲ, ಆಗ ನೀನು ಅತ್ರೆ ಜನ ನಗ್ತಾರೆ. ಹೆಂಗಸರ ಕಡೆ ಕೂತು ನಾನೂ ನೋಡಿದೀನಿ. ನೀನು ಬರ್ಕೊಳೋ ಮುಖದಲ್ಲಿ ಅಳೋಕೆ ಜಾಗಾನೇ ಇಲ್ಲಪ್ಪ."

ಮಗಳು ಹೇಳಿದ್ದು ನಂಜುಂಡಸ್ವಾಮಿಗೆ ಹೊಸದಲ್ಲ. ನಿಜ, ಹೋದ ಹೋದ ಊರಲ್ಲೆಲ್ಲ ಜನ ನಕ್ಕಿದ್ದರು. ಈ ಜನಕ್ಕೆ ರುಚಿಯಿಲ್ಲ ಎಂದು ಬೈದುಕೊಂಡು, ಆ ದೃಶ್ಯದ ಮಾತುಗಳನ್ನು ಗಡಿಬಿಡಿಯಲ್ಲಿ ಒದರಿ ಮುಗಿಸುವುದನ್ನು ರೂಢಿಮಾಡಿಕೊಂಡಿದ್ದರು. ಆ ನೋವನ್ನು ಹೆಂಡತಿಯ ಹತ್ತಿರವೂ ಬಾಯಿಬಿಟ್ಟವರಲ್ಲ.

ಕೊನೆಗೆ ನೋಡಿಕೋ ಎಂದಳು. ನಂಜುಂಡಸ್ವಾಮಿ ಕಣ್ಣು ಬಿಟ್ಟು ಕನ್ನಡಿ ನೋಡಿದರು. ಅದೇ ಕೆಂಪು, ಅದೇ ಹಳದಿ, ಬಾಯಂಚಿನಲ್ಲಿ ಅದೇ ಕೋರೆಹಲ್ಲು. ಆದರೆ ಕಣ್ಣಿನ ಕೆಳಗೆ ಒಂದಿಷ್ಟು ಜಾಗಕ್ಕೆ ಅವಳು ಬಣ್ಣವನ್ನೇ ಹಚ್ಚಿರಲಿಲ್ಲ. ಅಲ್ಲಿ ಮನುಷ್ಯನ ಚರ್ಮವಿತ್ತು. ಲೋಕವನ್ನೇ ಸುಟ್ಟು ಬರಬಲ್ಲವನು, ಮಗುವಿಗೆ ಜ್ವರ ಬಂದರೆ ನಿದ್ದೆಗೆಟ್ಟು ಕೂರುವವನು, ಇಬ್ಬರೂ ಆ ಒಂದೇ ಮುಖದಲ್ಲಿದ್ದರು. ನೋಡುತ್ತ ನೋಡುತ್ತ ಅವರ ಮೈ ಜುಮ್ಮೆಂದಿತು. ಭಯವೋ ಭಕ್ತಿಯೋ ಅವರಿಗೇ ತಿಳಿಯಲಿಲ್ಲ. ಅತ್ತ ಮಹದೇವು ಯಾವಾಗಲೋ ಟ್ರಂಕಿನಿಂದ ಎದ್ದು ನಿಂತಿದ್ದ.

ಮಗಳು ಏನೂ ಆಗದವಳಂತೆ ಬೆರಳಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ತಮ್ಮ ಮನೆಯಲ್ಲೇ ಇದ್ದ ಕೈ. ಇಂಥದ್ದೊಂದು ತಮ್ಮ ಸೂರಿನಡಿಯಲ್ಲೇ ಇತ್ತಲ್ಲ, ತಾನು ಕುರುಡನಾಗಿದ್ದೆನಲ್ಲ ಎಂದುಕೊಂಡರು.

ಗಂಟೆ ಹೊಡೆಯಿತು. ಬೇರೆ ದಿನವಾಗಿದ್ದರೆ ನೆಲ ಅದುರುವಂತೆ ಹೆಜ್ಜೆ ಹಾಕಿ, ಅಬ್ಬರಿಸಿಕೊಂಡೇ ರಂಗಕ್ಕೆ ನುಗ್ಗುತ್ತಿದ್ದರು. ಇವತ್ತು ಪರದೆಗೆ ಕೈಯಿಟ್ಟವರು ಅಲ್ಲೇ ನಿಂತರು. ಆ ಹಳೇ ಹೆಜ್ಜೆ ಈ ಮುಖಕ್ಕೆ ಸಲ್ಲದು. ಅವರು ಮಗಳ ಕಡೆ ತಿರುಗಿ, ನಿನ್ನೆ ಮೊನ್ನೆ ಕಂಪನಿ ಸೇರಿದವರಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಇವನು ಹ್ಯಾಗೆ ನಡೀತಾನಮ್ಮ?"